ಪಟ್ಟಣದ ಚಿತ್ರ ಬರೆದವನು, ಬೆಂಕಿಬೆಟ್ಟದ ಸುದ್ದಿ ತಂದವನು

ಶ್ರೀರಂಗಪಟ್ಟಣಕ್ಕೆ ಬಂದ ಪ್ರವಾಸಿಗರು ಗಂಜಾಂ ಕಡೆಗೆ ಹೊರಳಿ ಗುಂಬಜ್ ನೋಡದೆ ಹಿಂತಿರುಗುವುದು ಅಪರೂಪ. ಹೈದರಾಲಿಯ ಈ ಸಮಾಧಿಯನ್ನು ಇನ್ನೂರ ಮೂವತ್ತಕ್ಕೂ ಹೆಚ್ಚು ವರ್ಷಗಳ ಹಿಂದೆ ಒಬ್ಬ ಆಂಗ್ಲ ಸೈನ್ಯಾಧಿಕಾರಿ ಚಿತ್ರವಾಗಿ ಬರೆದಿದ್ದ. ಅವನ ಹೆಸರು ರಾಬರ್ಟ್ ಹೈಡ್ ಕೋಲ್‌ಬ್ರೂಕ್. ಗುಂಬಜ್ ಮಾತ್ರವಲ್ಲ, ಶ್ರೀರಂಗಪಟ್ಟಣದ ಕೋಟೆ, ಸಾವನದುರ್ಗ, ಹುತ್ರಿದುರ್ಗ, ಶಿವಗಂಗೆ ಹೀಗೆ ಮೈಸೂರು ಸೀಮೆಯ ಹನ್ನೆರಡು ನೋಟಗಳನ್ನು ಆತ ಸ್ಥಳದಲ್ಲೇ ಬಿಡಿಸಿದ. 1790ರ ದಶಕದಲ್ಲಿ ಅವು ಲಂಡನ್ನಿನಲ್ಲಿ ಅಚ್ಚಾಗಿ, ಟಿಪ್ಪುವಿನ ರಾಜ್ಯ ಹೇಗಿದೆಯೆಂದು ಕುತೂಹಲಪಡುತ್ತಿದ್ದ ಅಲ್ಲಿನ ಜನರ ಕೈಸೇರಿದವು.

ಅವನ ಇನ್ನೊಂದು ಕೆಲಸ ನಮ್ಮಲ್ಲಿ ಅಷ್ಟಾಗಿ ಪ್ರಚಾರದಲ್ಲಿಲ್ಲ. ಕಲ್ಕತ್ತೆಯ ಏಷ್ಯಾಟಿಕ್ ಸೊಸೈಟಿ ಹೊರತರುತ್ತಿದ್ದ 'ಏಷ್ಯಾಟಿಕ್ ರಿಸರ್ಚಸ್' ಗ್ರಂಥಮಾಲೆಯ ನಾಲ್ಕನೆಯ ಸಂಪುಟದಲ್ಲಿ ಕೋಲ್‌ಬ್ರೂಕ್ ಬರೆದ ಒಂದು ಪುಟ್ಟ ಲೇಖನವಿದೆ. ಅದರ ವಿಷಯ ಅಂಡಮಾನ್ ಸಮುದ್ರದ ಬ್ಯಾರೆನ್ ದ್ವೀಪ ಮತ್ತು ಅಲ್ಲಿನ ಜ್ವಾಲಾಮುಖಿ. ಭಾರತದಲ್ಲಿ ಇಂದಿಗೂ ಬೆಂಕಿಯುಗುಳುವ ಏಕೈಕ ಜ್ವಾಲಾಮುಖಿ ಅದು. ನಮ್ಮ ಪಟ್ಟಣದ ಚಿತ್ರ ಬರೆದ ಕೈಯೇ ಆ ಬೆಂಕಿಬೆಟ್ಟದ ಸುದ್ದಿಯನ್ನೂ ಬರೆದಿತ್ತು.

ಅಂಡಮಾನಿಗೂ ಮಂಡ್ಯ ಸೀಮೆಗೂ ಎಲ್ಲಿಗೆಲ್ಲಿಯ ನಂಟು ಎಂದು ಓದುಗರು ಕೇಳಬಹುದು. ನಂಟು ಎರಡು ಬಗೆಯದು. ಒಂದು ಇತಿಹಾಸದ್ದು, ಇನ್ನೊಂದು ನೆಲದ್ದೇ. ಅಂಡಮಾನಿಗೋ ಬಾಲಿಗೋ ಹೋಗಿ ಬರುವುದು ಈಗ ದೊಡ್ಡ ಶ್ರೀಮಂತರಿಗೆ ಮಾತ್ರ ಸಾಧ್ಯವಾದ ಮಾತಾಗಿ ಉಳಿದಿಲ್ಲ. ಆದ್ದರಿಂದ ಈ ಹಳೆಯ ಕತೆಯನ್ನು ತಿಳಿದಿರುವುದು ಒಳ್ಳೆಯದು.

ಅಣ್ಣ ಇಲ್ಲಿ, ತಮ್ಮ ಅಲ್ಲಿ

1780ರ ದಶಕದ ಕೊನೆಯಲ್ಲಿ ಕಂಪನಿ ಸರ್ಕಾರದ ಗವರ್ನರ್ ಜನರಲ್ ಆಗಿದ್ದವನು ಲಾರ್ಡ್ ಚಾರ್ಲ್ಸ್ ಕಾರ್ನ್‌ವಾಲಿಸ್. ಬಂಗಾಳ ಕೊಲ್ಲಿಯ ಆಚೆ ಒಳ್ಳೆಯದೊಂದು ಬಂದರು ಬೇಕೆಂದು ಅವನ ಸರ್ಕಾರ ಅಂಡಮಾನಿನ ಸರ್ವೆ ಮಾಡಲು ಆರ್ಚಿಬಾಲ್ಡ್ ಬ್ಲೇರ್ ಎಂಬ ನೌಕಾಧಿಕಾರಿಯನ್ನು ಕಳುಹಿಸಿತು. 1789ರಲ್ಲಿ ಬ್ಲೇರ್ ಅಲ್ಲಿ ಒಂದು ನೆಲೆಯನ್ನು ಸ್ಥಾಪಿಸಿದ. ಅದಕ್ಕೆ ಮೊದಲು ಇಟ್ಟ ಹೆಸರು ಪೋರ್ಟ್ ಕಾರ್ನ್‌ವಾಲಿಸ್. ಅದು ಗವರ್ನರ್ ಜನರಲ್‌ನ ಹೆಸರಲ್ಲ, ನೌಕಾದಳದ ಕಮೊಡೋರ್ ಆಗಿದ್ದ ಅವನ ತಮ್ಮ ವಿಲಿಯಂ ಕಾರ್ನ್‌ವಾಲಿಸ್‌ನ ಹೆಸರು. ಅದೇ ಜಾಗ ಮುಂದೆ ಪೋರ್ಟ್ ಬ್ಲೇರ್ ಆಯಿತು. 2024ರಲ್ಲಿ ಕೇಂದ್ರ ಸರ್ಕಾರ ಅದಕ್ಕೆ ಶ್ರೀ ವಿಜಯಪುರಂ ಎಂದು ಮರುನಾಮಕರಣ ಮಾಡಿದೆ.

ತಮ್ಮ ಕಡಲಿನಲ್ಲಿದ್ದಾಗ ಅಣ್ಣ ಕಾವೇರಿಯ ದಡಕ್ಕೆ ಬಂದ. ಮೂರನೆಯ ಮೈಸೂರು ಯುದ್ಧದಲ್ಲಿ, 1791ರ ಮೇ ತಿಂಗಳಲ್ಲಿ, ಕಾರ್ನ್‌ವಾಲಿಸ್ ತನ್ನ ಸೈನ್ಯದೊಂದಿಗೆ ಅರಕೆರೆಯವರೆಗೆ ಬಂದು ನಿಂತ. ಅಲ್ಲಿ ಹೊಳೆ ಹಾಯುವುದು ಅವನ ಲೆಕ್ಕಾಚಾರ. ಆದರೆ ಕಾವೇರಿ ಬಿಡಲಿಲ್ಲ. ಟಿಪ್ಪುವಿನ ಸೈನ್ಯದೊಂದಿಗೆ ಕದನವಾಯಿತು, ಮೇಲುಗೈಯೂ ಸಿಕ್ಕಿತು. ಆದರೂ ಕೋಟೆಯನ್ನು ಮುಟ್ಟಲು ಆಗಲಿಲ್ಲ. ನದಿಯ ಮೇಲ್ಭಾಗದ ಕನ್ನಂಬಾಡಿಗೆ ಹೋಗಿ ಪ್ರಯತ್ನಿಸಿದ. ಮಳೆ, ರೋಗ, ದವಸದ ಅಭಾವ, ಸಾಲುಸಾಲಾಗಿ ಸಾಯುತ್ತಿದ್ದ ಎತ್ತುಗಳು. ಕೊನೆಗೆ ಕೋಟೆ ಒಡೆಯಲೆಂದು ಅಷ್ಟು ದೂರದಿಂದ ಎಳೆತಂದಿದ್ದ ದೊಡ್ಡ ಫಿರಂಗಿಗಳನ್ನು ತಾನೇ ಹಾಳುಮಾಡಿ ಹಿಂದೆ ಸರಿದ. ಮತ್ತೆ ಬಂದದ್ದು 1792ರ ಫೆಬ್ರವರಿಯಲ್ಲಿ, ನದಿಯಲ್ಲಿ ನೀರು ಇಳಿದ ಕಾಲದಲ್ಲಿ. ಆಗ ಅವನ ಸೈನ್ಯ ಬೀಡುಬಿಟ್ಟದ್ದು ಹಿರೋಡೆಯ ಬಂಡೆಗಳ ಸಮೀಪ. ಹೈದರ್ ಮತ್ತು ಟಿಪ್ಪುವಿನ ಚಾಕರಿಯಲ್ಲಿದ್ದ ಫ್ರೆಂಚರು ತಂಗುತ್ತಿದ್ದ ಕಾರಣ ಆ ಜಾಗವನ್ನು ಆಂಗ್ಲರು 'ಫ್ರೆಂಚ್ ರಾಕ್ಸ್' ಎಂದು ಕರೆದರು. ಇಂದಿನ ಪಾಂಡವಪುರ ಅದೇ.

ಈ ದಂಡಯಾತ್ರೆಯಲ್ಲಿ ಸರ್ವೆ ಅಧಿಕಾರಿಯಾಗಿ ಜೊತೆಗಿದ್ದವನೇ ಕೋಲ್‌ಬ್ರೂಕ್. ಅಂಡಮಾನಿನ ಸಮುದ್ರ ಸರ್ವೆಯ ಕೆಲಸದ ಬೆನ್ನಿಗೇ ಅವನಿಗೆ ಮೈಸೂರಿನ ಬೆಟ್ಟಗುಡ್ಡಗಳು ಎದುರಾದವು. 1794ರಲ್ಲಿ ಆತ ಬಂಗಾಳದ ಸರ್ವೇಯರ್ ಜನರಲ್ ಆದ. 1808ರಲ್ಲಿ ತೀರಿಕೊಳ್ಳುವವರೆಗೂ ಆ ಹುದ್ದೆಯಲ್ಲಿದ್ದ.

ಕಲ್ಲು ಹಾರುವ ದ್ವೀಪ

ಬ್ಯಾರೆನ್ ಎಂದರೆ ಬಂಜರು. ಶ್ರೀ ವಿಜಯಪುರಂನಿಂದ ಈಶಾನ್ಯಕ್ಕೆ ಸುಮಾರು 135 ಕಿಲೋಮೀಟರ್ ದೂರದಲ್ಲಿರುವ, ಒಂದು ದಡದಿಂದ ಇನ್ನೊಂದು ದಡಕ್ಕೆ ಮೂರು ಕಿಲೋಮೀಟರ್ ಇರುವ ಪುಟ್ಟ ದ್ವೀಪ ಅದು. ಮನುಷ್ಯರ ವಾಸವಿಲ್ಲ. ಮೇಲೆ ಕಾಣುವುದು ಬೆಟ್ಟದ ತುದಿ ಮಾತ್ರ. ಸಮುದ್ರದ ತಳದಿಂದ ಲೆಕ್ಕ ಹಾಕಿದರೆ ಅದರ ಎತ್ತರ ಎರಡು ಸಾವಿರ ಮೀಟರಿಗೂ ಹೆಚ್ಚು. ಭಾರತವನ್ನು ಹೊತ್ತ ಭೂಫಲಕ ಪೂರ್ವದ ಫಲಕದ ಕೆಳಕ್ಕೆ ನುಗ್ಗುವ ಅಂಚಿನಲ್ಲಿ ಈ ದ್ವೀಪವಿದೆ. ಇದೇ ಅಂಚು ದಕ್ಷಿಣಕ್ಕೆ ಸುಮಾತ್ರ, ಜಾವಾಗಳತ್ತ ಮುಂದುವರಿಯುತ್ತದೆ. 2004ರ ಡಿಸೆಂಬರ್ 26ರ ಸುನಾಮಿಗೆ ಕಾರಣವಾದ ಭೂಕಂಪ ಸಂಭವಿಸಿದ್ದೂ ಈ ಅಂಚಿನಲ್ಲೇ.

ಬ್ಯಾರೆನ್‌ನಲ್ಲಿ ದಾಖಲಾದ ಮೊದಲ ಸ್ಫೋಟ 1787ರದು. 1789ರಲ್ಲಿ ಬ್ಲೇರ್ ಅದನ್ನು ನೋಡಿದಾಗ ಬೆಟ್ಟ ಉಗ್ರವಾಗಿತ್ತು. ಕೆಂಡದಂಥ ಕಲ್ಲುಗಳು ಮಳೆಯಂತೆ ಸುರಿಯುತ್ತಿದ್ದವು. ಮೂರು ನಾಲ್ಕು ಟನ್ ತೂಕದ ಬಂಡೆಗಳೂ ಅವುಗಳಲ್ಲಿದ್ದವು. ಬ್ಲೇರ್‌ನ ಈ ವಿವರಗಳನ್ನೇ ಕೋಲ್‌ಬ್ರೂಕ್ ತನ್ನ ಲೇಖನದಲ್ಲಿ ಸೇರಿಸಿದ. ಶಂಕುವಿನಾಕಾರದ ಬೆಟ್ಟದ ಎತ್ತರ ಸುಮಾರು 1800 ಅಡಿ ಎಂದು ಬ್ಲೇರ್ ಅಂದಾಜು ಮಾಡಿದ್ದ. ಇಂದಿನ ಅಳತೆಯಂತೆ ದ್ವೀಪದ ಅತಿ ಎತ್ತರದ ಸ್ಥಳ ಸುಮಾರು 354 ಮೀಟರ್, ಎಂದರೆ 1160 ಅಡಿ. ಅಳತೆಯೇ ಕಸುಬಾದವರ ಅಂದಾಜೂ ಇಲ್ಲಿ ತಪ್ಪಿದ್ದಿರಬಹುದು. ಬರಿಗಣ್ಣಿನಿಂದ ನೋಡಿ 'ಇಷ್ಟು ದೂರ ಸಾಕು' ಎನ್ನುವ ಪ್ರವಾಸಿಯ ಅಂದಾಜನ್ನು ಎಷ್ಟರಮಟ್ಟಿಗೆ ನಂಬಬೇಕು?

ಬೂದಿ ಮುಚ್ಚಿದ ಕೆಂಡ

ಹತ್ತೊಂಬತ್ತನೆಯ ಶತಮಾನದ ಮೊದಲ ಭಾಗ ಕಳೆಯುತ್ತಿದ್ದಂತೆ ಬೆಟ್ಟ ತಣ್ಣಗಾಯಿತು. ಒಂದೂವರೆ ಶತಮಾನದಷ್ಟು ಕಾಲ ಅದು ಸುಮ್ಮನಿತ್ತು. ಕಂಪನಿ ಸರ್ಕಾರ ಹೋಯಿತು, ರಾಣಿಯ ಸರ್ಕಾರ ಬಂತು. ಅಂಡಮಾನಿನಲ್ಲಿ ಸೆಲ್ಯುಲಾರ್ ಜೈಲು ಎದ್ದಿತು, ಸ್ವಾತಂತ್ರ್ಯವೂ ಬಂತು. ಬ್ಯಾರೆನ್ ಏಳಲಿಲ್ಲ. ಇನ್ನು ಇದು ಏಳುವುದಿಲ್ಲ ಎಂದುಕೊಳ್ಳಲು ಅಷ್ಟು ಕಾಲ ಧಾರಾಳವಾಗಿ ಸಾಕು.

1991ರಲ್ಲಿ ಅದು ಎದ್ದಿತು. ಸುಮಾರು ಆರು ತಿಂಗಳು ಲಾವಾ, ಬೂದಿ, ಹೊಗೆ ಉಗುಳಿತು. 1994-95ರಲ್ಲಿ ಮತ್ತೆ, 2005ರಿಂದ ಮತ್ತೆಮತ್ತೆ. 2017ರ ಜನವರಿಯಲ್ಲಿ ಗೋವಾದ ರಾಷ್ಟ್ರೀಯ ಸಾಗರ ವಿಜ್ಞಾನ ಸಂಸ್ಥೆಯ ವಿಜ್ಞಾನಿಗಳು ಅದರ ಸಮೀಪದ ಸಮುದ್ರದಲ್ಲಿ ಕೆಲಸ ಮಾಡುತ್ತಿದ್ದಾಗ ಅದು ಇದ್ದಕ್ಕಿದ್ದಂತೆ ಬೂದಿ ಉಗುಳಲು ತೊಡಗಿತು. ವಿಜ್ಞಾನಿಗಳು ಹಡಗನ್ನು ದೂರ ಒಯ್ದು ಅಲ್ಲಿಂದಲೇ ಗಮನಿಸಿದರು. ಹಗಲು ಬೂದಿಯ ಮೋಡ, ಸೂರ್ಯ ಮುಳುಗಿದ ಮೇಲೆ ಕೆಂಪು ಲಾವಾದ ಚಿಲುಮೆ. 2025ರ ಸೆಪ್ಟೆಂಬರಿನಲ್ಲೂ ಸಣ್ಣ ಸ್ಫೋಟಗಳ ವರದಿ ಬಂದಿದೆ.

ಬೂದಿ ಮುಚ್ಚಿದ ಕೆಂಡ ಎಂಬ ನಮ್ಮ ಮಾತಿಗೆ ಇದಕ್ಕಿಂತ ಸರಿಯಾದ ಉದಾಹರಣೆ ಸಿಕ್ಕುವುದು ಕಷ್ಟ. ಮನುಷ್ಯನ ಎರಡು ಮೂರು ತಲೆಮಾರು ಬೆಟ್ಟದ ಲೆಕ್ಕದಲ್ಲಿ ಒಂದು ಸಣ್ಣ ನಿದ್ದೆ. 'ನಮ್ಮ ತಾತನ ಕಾಲದಿಂದಲೂ ಏನೂ ಆಗಿಲ್ಲ' ಎಂಬ ಮಾತನ್ನು ಇಂಥ ಕಡೆ ನಂಬಬಾರದು.

ಹಿಂತಿರುಗದೆ ಉಳಿದವರು

ನ್ಯೂಜಿಲೆಂಡಿನ ಕಡಲತೀರದಾಚೆ ವೈಟ್ ಐಲ್ಯಾಂಡ್ ಎಂಬ ಜ್ವಾಲಾಮುಖಿ ದ್ವೀಪವಿದೆ. ಮಾವೊರಿ ಜನ ಅದನ್ನು ಫಾಕಾರಿ ಎನ್ನುತ್ತಾರೆ. 1914ರಲ್ಲಿ ಅಲ್ಲಿ ಗಂಧಕ ಅಗೆಯುತ್ತಿದ್ದ ಕಾರ್ಮಿಕರು ಬೆಟ್ಟದ ಕುಸಿತಕ್ಕೆ ಸಿಕ್ಕಿ ಸತ್ತಿದ್ದರು. ಅದು ಮರೆತುಹೋಗಿ, ಬೆಟ್ಟದ ಬಾಯಿಯ ತನಕ ಪ್ರವಾಸಿಗರನ್ನು ಕರೆದೊಯ್ಯುವ ದಂಧೆ ಬೆಳೆಯಿತು. 2019ರ ನವೆಂಬರಿನಲ್ಲಿ ವಿಜ್ಞಾನಿಗಳು ಅಪಾಯದ ಮಟ್ಟವನ್ನು ಒಂದರಿಂದ ಎರಡಕ್ಕೆ ಏರಿಸಿದರು. ಪ್ರವಾಸ ನಿಲ್ಲಲಿಲ್ಲ. ಡಿಸೆಂಬರ್ 9ರ ಮಧ್ಯಾಹ್ನ ಬೆಟ್ಟ ಸಿಡಿದಾಗ ದ್ವೀಪದ ಮೇಲೆ 47 ಜನರಿದ್ದರು. 22 ಜನ ಸತ್ತರು. ಬದುಕಿದವರಲ್ಲಿ ಹೆಚ್ಚಿನವರು ಮೈಯೆಲ್ಲ ಸುಟ್ಟುಕೊಂಡಿದ್ದರು. ಅಲ್ಲಿ ಲಾವಾ ಹರಿಯಲೇ ಇಲ್ಲ. ಕೊಂದದ್ದು ಕುದಿಯುವ ಹಬೆ ಮತ್ತು ಬೂದಿ.

ಹವಾಯಿಯಲ್ಲಿ 2018ರ ಜುಲೈ 16ರಂದು ಲಾವಾ ಸಮುದ್ರಕ್ಕೆ ಬೀಳುವುದನ್ನು ತೋರಿಸಲು ಹೋದ ದೋಣಿಯ ಮಾಡನ್ನು ತೂರಿಕೊಂಡು ಕಾದ ಬಂಡೆಯೊಂದು ಒಳಗೆ ಬಿತ್ತು. 23 ಜನ ಗಾಯಗೊಂಡರು. ಕಾದ ಲಾವಾ ತಣ್ಣನೆಯ ನೀರಿಗೆ ಬಿದ್ದಾಗ ಸ್ಫೋಟವಾಗುತ್ತದೆ, ಜೊತೆಗೆ ಆಮ್ಲ ಬೆರೆತ ಹಬೆ ಏಳುತ್ತದೆ. ಸಮುದ್ರಕ್ಕೆ ಚಾಚಿದ ಹೊಸ ಲಾವಾ ನೆಲ ಗಟ್ಟಿಯಾಗಿ ಕಂಡರೂ ಅಡಿಯಲ್ಲಿ ಪೊಳ್ಳಾಗಿದ್ದು ಕುಸಿಯಬಹುದು.

ಅದೇ 2018ರ ಡಿಸೆಂಬರ್ 22ರ ರಾತ್ರಿ ಇಂಡೊನೇಷ್ಯಾದ ಅನಕ್ ಕ್ರಕಟೋವಾ ಬೆಟ್ಟದ ಒಂದು ಮಗ್ಗುಲು ಸಮುದ್ರಕ್ಕೆ ಜಾರಿತು. ಎದ್ದ ಸುನಾಮಿಗೆ ಜಾವಾ, ಸುಮಾತ್ರಗಳ ತೀರದಲ್ಲಿ 400ಕ್ಕೂ ಹೆಚ್ಚು ಜನ ಬಲಿಯಾದರು. ರಜೆ ಕಳೆಯಲು ಸಮುದ್ರದ ದಡಕ್ಕೆ ಬಂದವರೂ ಅವರಲ್ಲಿದ್ದರು. ದೊಡ್ಡ ಭೂಕಂಪದ ಮುನ್ಸೂಚನೆ ಇರಲಿಲ್ಲವಾದ್ದರಿಂದ ಎಚ್ಚರಿಕೆಯ ಗಂಟೆ ಬಾರಿಸಲಿಲ್ಲ. ಅವರಲ್ಲಿ ಯಾರೂ ಬೆಟ್ಟ ಹತ್ತಿರಲಿಲ್ಲ. ಜ್ವಾಲಾಮುಖಿ ಇರುವ ಕಡಲಲ್ಲಿ ಅಪಾಯ ಬೆಟ್ಟದ ಮೇಲೆ ಮಾತ್ರವಲ್ಲ, ನೀರಿನಲ್ಲೂ ಇರುತ್ತದೆ.

ಹೊರಡುವ ಮುನ್ನ

ಹಾಗಾದರೆ ಹೋಗಲೇಬಾರದೇ? ಹೋಗಬಹುದು. ಭೂಮಿಯ ಒಳಗಿನ ಬೆಂಕಿಯನ್ನು ಕಣ್ಣಾರೆ ಕಾಣುವುದು ಜೀವಮಾನದ ಅನುಭವ. ಆದರೆ ಕೆಲವು ವಿಷಯ ತಿಳಿದಿರಬೇಕು.

ಬ್ಯಾರೆನ್ ದ್ವೀಪದ ಮೇಲೆ ಪ್ರವಾಸಿಗರು ಇಳಿಯುವಂತಿಲ್ಲ. ಅನುಮತಿ ಪಡೆದ ಹಡಗು ಅಥವಾ ದೋಣಿಯಲ್ಲಿ ದೂರದಿಂದ ನೋಡಿ ಬರಬೇಕು, ಅಷ್ಟೆ. 'ಸ್ವಲ್ಪ ಇಳಿಸಿ, ಐದು ನಿಮಿಷ' ಎಂದು ದೋಣಿಯವರನ್ನು ಕಾಡಬಾರದು. ದೋಣಿಗೆ ಪರವಾನಗಿ ಇದೆಯೇ, ಎಲ್ಲರಿಗೂ ಲೈಫ್ ಜಾಕೆಟ್ ಇದೆಯೇ ಎಂದು ಹತ್ತುವ ಮೊದಲೇ ಕೇಳಬೇಕು. ಮಳೆಗಾಲದ ಅಂಡಮಾನ್ ಸಮುದ್ರ ಬಹಳ ಒರಟು. ಆ ತಿಂಗಳುಗಳು ಇಂಥ ಪಯಣಕ್ಕಲ್ಲ. ಬೆಂಕಿಯಿಲ್ಲದ 'ಜ್ವಾಲಾಮುಖಿ'ಯನ್ನು ನೋಡಬೇಕೆನ್ನುವವರಿಗೆ ಬಾರಾಟಾಂಗ್ ದ್ವೀಪದಲ್ಲಿ ಕೆಸರು ಉಕ್ಕುವ ಗುಂಡಿಗಳಿವೆ. ಅಲ್ಲೂ ಬೇಲಿಯ ಆಚೆಗೇ ನಿಲ್ಲಬೇಕು.

ಇಂಡೊನೇಷ್ಯಾದಲ್ಲಿ ಪ್ರತಿ ಬೆಟ್ಟಕ್ಕೂ ನಾಲ್ಕು ಹಂತದ ಎಚ್ಚರಿಕೆಯ ಮಟ್ಟ ಉಂಟು. ಮಾಮೂಲಿ ಸ್ಥಿತಿಯ ನಂತರ 'ವಾಸ್ಪದ', 'ಸಿಯಾಗ', 'ಆವಾಸ್'. ಕೊನೆಯದು ಬಂದರೆ ಊರಿಗೆ ಊರೇ ಖಾಲಿ ಮಾಡುತ್ತಾರೆ. ಹೋಟೆಲು ಕಾದಿರಿಸುವ ದಿನ ಒಮ್ಮೆ, ಹೊರಡುವ ಹಿಂದಿನ ದಿನ ಇನ್ನೊಮ್ಮೆ ಈ ಮಟ್ಟವನ್ನು ವಿಚಾರಿಸಬೇಕು. ಬಾಲಿಯ ಆಗುಂಗ್ ಬೆಟ್ಟ 1963ರಲ್ಲಿ ಸಾವಿರಕ್ಕೂ ಹೆಚ್ಚು ಜನರನ್ನು ಬಲಿ ತೆಗೆದುಕೊಂಡಿತ್ತು. 2017ರ ನವೆಂಬರಿನಲ್ಲಿ ಅದು ಬೂದಿ ಉಗುಳಿದಾಗ ಅಲ್ಲಿನ ವಿಮಾನ ನಿಲ್ದಾಣ ಎರಡು ದಿನಕ್ಕೂ ಮೇಲೆ ಮುಚ್ಚಿತ್ತು. ಬೂದಿ ಎಂದರೆ ಒಲೆಯ ಬೂದಿಯಲ್ಲ, ಗಾಜಿನಂತೆ ಚೂಪಾದ ಕಲ್ಲಿನ ಪುಡಿ. ವಿಮಾನದ ಎಂಜಿನ್ನಿನೊಳಗೆ ಕರಗಿ ಮೆತ್ತಿಕೊಳ್ಳುತ್ತದೆ. ಆದ್ದರಿಂದ ಕೈಯಲ್ಲಿ ಎರಡು ದಿನದ ಹೆಚ್ಚಿನ ಖರ್ಚು ಮತ್ತು ಔಷಧಿ ಇರಲಿ. ಜ್ವಾಲಾಮುಖಿಯ ತೊಂದರೆಗೂ ಅನ್ವಯಿಸುವ ಪ್ರವಾಸ ವಿಮೆ ಇರಲಿ.

ಬೂದಿ ಬೀಳುವ ಕಡೆ ಎನ್-95 ಮುಖಗವುಸು ಹಾಕಿಕೊಳ್ಳಬೇಕು. ಕಣ್ಣಿಗೆ ಕಾಂಟ್ಯಾಕ್ಟ್ ಲೆನ್ಸ್ ಹಾಕುವವರು ಅದನ್ನು ತೆಗೆದು ಕನ್ನಡಕ ಧರಿಸಬೇಕು. ಉಬ್ಬಸ, ಹೃದಯದ ತೊಂದರೆ ಇದ್ದವರು ಮತ್ತು ಗರ್ಭಿಣಿಯರು ಗಂಧಕದ ಹೊಗೆಯ ಹತ್ತಿರ ಸುಳಿಯದಿರುವುದೇ ಕ್ಷೇಮ. ತಗ್ಗಿನಲ್ಲಿ, ಗುಂಡಿಗಳಲ್ಲಿ ಇಂಗಾಲದ ಡೈ ಆಕ್ಸೈಡ್ ಮಡುಗಟ್ಟಿರುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಮಗು ಆಡುತ್ತ ಅಲ್ಲಿಗೆ ಇಳಿಯದಂತೆ ನೋಡಿಕೊಳ್ಳಬೇಕು.

ಸಮುದ್ರದ ದಡದಲ್ಲಿದ್ದಾಗ ನೆಲ ಬಹಳ ಹೊತ್ತು ಅಥವಾ ಬಲವಾಗಿ ನಡುಗಿದರೆ, ಇಲ್ಲವೇ ನೀರು ಇದ್ದಕ್ಕಿದ್ದಂತೆ ಹಿಂದೆ ಸರಿದರೆ, ಚಿತ್ರ ತೆಗೆಯುತ್ತ ನಿಲ್ಲದೆ ಎತ್ತರದ ಜಾಗಕ್ಕೆ ಓಡಬೇಕು. ಹೈದರಾಬಾದಿನಲ್ಲಿ 2007ರಿಂದ ನಮ್ಮದೇ ಸುನಾಮಿ ಎಚ್ಚರಿಕೆ ಕೇಂದ್ರವಿದೆ. ಆದರೆ ಅನಕ್ ಕ್ರಕಟೋವಾದಂಥ ಕಡೆ ಅಲೆ ಎಚ್ಚರಿಕೆಗಿಂತ ಮೊದಲೇ ಬರಬಹುದು. ಹೋಟೆಲಿಗೆ ಇಳಿದ ಕೂಡಲೇ ಎತ್ತರದ ಜಾಗಕ್ಕೆ ಯಾವ ದಾರಿ ಎಂದು ಕೇಳಿಟ್ಟುಕೊಳ್ಳುವುದು ಜಾಣತನ.

ನಾಗಮಂಗಲದ ಸಮುದ್ರ

ಇನ್ನು ನೆಲದ ನಂಟು. ನಾಗಮಂಗಲ ಮತ್ತು ಕೃಷ್ಣರಾಜಪೇಟೆಯ ಸುತ್ತ ಹಸಿರು ಛಾಯೆಯ ಹಳೆಯ ಶಿಲೆಗಳ ಉದ್ದನೆಯ ಪಟ್ಟಿಗಳಿವೆ. ಭೂವಿಜ್ಞಾನಿಗಳಿಗೆ ಇವು ಚಿರಪರಿಚಿತ. 300 ಕೋಟಿ ವರ್ಷಗಳಿಗೂ ಹಿಂದೆ ಉಕ್ಕಿದ ಲಾವಾ ಈ ಪಟ್ಟಿಗಳಲ್ಲಿದೆ. ಅದರಲ್ಲಿ ಕೊಮಾಟಿಯೈಟ್ ಎಂಬ ಜಾತಿಯ ಶಿಲೆಯೂ ಉಂಟು. ದಕ್ಷಿಣ ಆಫ್ರಿಕಾದ ಕೊಮಾಟಿ ನದಿಯಿಂದ ಬಂದ ಹೆಸರು ಅದು. ಆ ಲಾವಾ ಸುಮಾರು 1600 ಡಿಗ್ರಿ ಸೆಲ್ಸಿಯಸ್ ಕಾವಿನಲ್ಲಿ ನೀರಿನಂತೆ ಹರಿದಿತ್ತು. ಇಂದಿನ ಹವಾಯಿಯ ಲಾವಾ 1200 ಡಿಗ್ರಿಯ ಆಸುಪಾಸಿನದು. ನಾಗಮಂಗಲದ ಪಟ್ಟಿಯ ಬಗ್ಗೆ 2013ರಲ್ಲಿ ಪ್ರಕಟವಾದ ಅಧ್ಯಯನವೊಂದು ಅಲ್ಲಿನ ಶಿಲೆಗಳಲ್ಲಿ ದಿಂಬಿನಾಕಾರದ ರಚನೆಗಳನ್ನು ಗುರುತಿಸಿದೆ. ಲಾವಾ ನೀರಿನೊಳಗೆ ಉಕ್ಕಿ ಥಟ್ಟನೆ ತಣಿದಾಗ ಇಂಥ ದಿಂಬುಗಳಾಗುತ್ತವೆ. ಎಂದರೆ ಇಂದು ರಾಗಿ, ತೆಂಗು ಬೆಳೆಯುವ ಈ ನೆಲದಲ್ಲಿ ಒಂದು ಕಾಲಕ್ಕೆ ಸಮುದ್ರವಿತ್ತು, ಅದರ ತಳದಲ್ಲಿ ಬೆಂಕಿಯಿತ್ತು.

ಇಂಥ ಮೆಗ್ನೀಸಿಯಂ ತುಂಬಿದ ಶಿಲೆಗಳು ಕಾಲಾಂತರದಲ್ಲಿ ಮಾರ್ಪಟ್ಟು ಮೆದುವಾದ ಬಳಪದ ಕಲ್ಲಾಗುತ್ತವೆ. ಹೊಯ್ಸಳ ಶಿಲ್ಪಿಗಳ ಉಳಿ ಅಷ್ಟು ಸಲೀಸಾಗಿ ಓಡಿದ್ದು ಆ ಬಗೆಯ ಮೆದು ಶಿಲೆಯ ಮೇಲೆ. ಕೆ.ಆರ್. ಪೇಟೆ ಪಕ್ಕದ ಹೊಸಹೊಳಲಿನ ಲಕ್ಷ್ಮೀನಾರಾಯಣ ದೇವಾಲಯಕ್ಕೋ ಕಿಕ್ಕೇರಿಯ ಬ್ರಹ್ಮೇಶ್ವರ ದೇವಾಲಯಕ್ಕೋ ಹೋದವರು ಭಿತ್ತಿಯ ಕುಸುರಿಯನ್ನು ನೋಡುವಾಗ ಈ ಮಾತನ್ನೂ ನೆನೆಯಬಹುದು. ಜ್ವಾಲಾಮುಖಿಯ ನೆಲವನ್ನು ಯಾವ ಅಪಾಯವೂ ಇಲ್ಲದೆ ಮುಟ್ಟಿ ನೋಡಬೇಕೆಂದರೆ ಅದಕ್ಕೆ ವಿಮಾನದ ಟಿಕೆಟು ಬೇಕಿಲ್ಲ, ನಾಗಮಂಗಲದ ಬಸ್ಸು ಸಾಕು.

ಅರಕೆರೆಯ ಪಾಠ

ಬಲಮುರಿ, ಎಡಮುರಿ, ಸಂಗಮ. ಈ ಹೆಸರುಗಳು ಪತ್ರಿಕಾ ಕಚೇರಿಯಲ್ಲಿ ಎರಡು ಬಗೆಯ ಸುದ್ದಿಗಳಿಗೆ ಬೇಕಾಗುತ್ತವೆ. ಒಂದು ಪ್ರವಾಸಿಗರ ದಟ್ಟಣೆಯದು. ಇನ್ನೊಂದು ನೀರಿಗಿಳಿದವರು ಮೇಲೆ ಬಾರದ ಸುದ್ದಿ. ಆ ಎರಡನೆಯ ಬಗೆಯ ಸುದ್ದಿ ಬರೆಯಲು ಈ ವರದಿಗಾರ ದಡದಲ್ಲಿ ನಿಂತದ್ದುಂಟು. ಎಚ್ಚರಿಕೆಯ ಫಲಕ ಅಲ್ಲೇ ಇತ್ತು. ನೀರು ಮೊಣಕಾಲಿನಷ್ಟೇ ಇರುವಂತೆ ಕಾಣುತ್ತಿತ್ತು. 'ಮೇಲೆ ನೋಡಿದರೆ ಎಷ್ಟು ಶಾಂತವಾಗಿದೆಯಲ್ಲ ಸ್ವಾಮಿ' ಎಂದು ಪಕ್ಕದಲ್ಲಿದ್ದ ವೃದ್ಧರೊಬ್ಬರು ಅಂದರು. ಬಂಡೆಗಳ ನಡುವಿನ ಮಡುವಿನ ಆಳ ಅವರಿಗೆ ಗೊತ್ತಿತ್ತು. ದೂರದ ಊರಿನಿಂದ ಬಂದಿದ್ದ ಹುಡುಗರಿಗೆ ಗೊತ್ತಿರಲಿಲ್ಲ.

ಫಾಕಾರಿಯಲ್ಲೂ ಆದದ್ದು ಇದೇ. ದುಡ್ಡು ಕೊಟ್ಟಾಗಿದೆ, ಇಷ್ಟು ದೂರ ಬಂದಾಗಿದೆ, ಎಲ್ಲರೂ ಹೋಗುತ್ತಿದ್ದಾರೆ, ನಿನ್ನೆ ಏನೂ ಆಗಿಲ್ಲ. ಬೆಟ್ಟವಾಗಲಿ ಹೊಳೆಯಾಗಲಿ ಈ ಲೆಕ್ಕವನ್ನು ಕೇಳುವುದಿಲ್ಲ. 2017ರಲ್ಲಿ ಸಾಗರ ವಿಜ್ಞಾನಿಗಳು ಹಡಗನ್ನು ದೂರ ಒಯ್ದರು. 1791ರಲ್ಲಿ ಕಾರ್ನ್‌ವಾಲಿಸ್ ಅಷ್ಟು ದೊಡ್ಡ ಸೈನ್ಯ ಕಟ್ಟಿಕೊಂಡು ಬಂದವನು ತನ್ನ ಫಿರಂಗಿಗಳನ್ನೇ ಹಾಳುಮಾಡಿ ಹಿಂತಿರುಗಿದ. ಅವನು ನಮ್ಮವರ ಮೇಲೆ ದಂಡೆತ್ತಿ ಬಂದ ಶತ್ರುವೇ ಇರಬಹುದು. ಆದರೂ ತುಂಬಿದ ಕಾವೇರಿಯ ಎದುರು ಅವನು ಹಠ ಹಿಡಿಯಲಿಲ್ಲ ಎಂಬುದನ್ನು ಗಮನಿಸಬೇಕು.

ದೂರದ ಬೆಟ್ಟ ಕಣ್ಣಿಗೆ ನುಣ್ಣಗೆ ಎನ್ನುತ್ತಾರೆ. ಬೆಂಕಿಬೆಟ್ಟವನ್ನು ಹಾಗೆ ದೂರದಿಂದ, ನುಣ್ಣಗೆಯೇ ನೋಡಿ ಬರುವುದು ಲೇಸು. ಈ ಬೇಸಿಗೆಯಲ್ಲಿ ಅಂಡಮಾನಿಗೆ ಹೊರಟವರು ಮಕ್ಕಳಿಗೆ ಮೊದಲ ಪಾಠವನ್ನು ಊರಿನಲ್ಲೇ ಕಲಿಸಬಹುದು. ಒಂದು ಭಾನುವಾರ ಸಂಗಮಕ್ಕೆ ಕರೆದುಕೊಂಡು ಹೋಗಿ, ಫಲಕವನ್ನು ಓದಿಸಿ, ದಡದಲ್ಲೇ ಕೂತು ಬುತ್ತಿ ಬಿಚ್ಚಿ ಉಂಡು, ಕತ್ತಲಾಗುವ ಮುಂಚೆ ಮನೆಗೆ ಬನ್ನಿ.